ೞ ಬರೆದು ನೋಡಿ

ಹೊಸ ಕನ್ನಡ ಫಾಂಟು ಕೈಗೆ ಬಂದರೆ ಹೆಚ್ಚಿನವರು ಮೊದಲು ತಮ್ಮ ಹೆಸರು ಬರೆದು ನೋಡುತ್ತಾರೆ. ನಾನು ‘ಅೞಿದವಂ’ ಎಂದು ಒತ್ತುತ್ತೇನೆ. ದತ್ತಿ ಕೆಡಿಸಿದವನನ್ನು ಶಪಿಸುವಾಗ ಹಳೆಯ ಶಾಸನಗಳು ಆಡುವ ಮಾತು ಅದು. ಅದರಲ್ಲಿನ ಹಳಗನ್ನಡದ ೞಕಾರಕ್ಕೆ ಗುಡಿಸು ಹದವಾಗಿ ಕೂತಿದ್ದರೆ ಅಕ್ಷರ ಬಿಡಿಸಿದವರು ಕಲ್ಲು ನೋಡಿ ಬಂದವರು. ಗುಡಿಸು ದೂರ ನಿಂತಿದ್ದರೆ ಯೂನಿಕೋಡ್ ಕೋಷ್ಟಕದ ಖಾಲಿ ಮನೆ ತುಂಬಿಸಿ ಕೈತೊಳೆದುಕೊಂಡವರು.

ಕಲ್ಲು ನೋಡಬೇಕೆನ್ನುವವರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಕಡೆ ಬರಲಿ. ಈ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, ಈಗ ವಿಜಯನಗರಕ್ಕೆ ಎಂದು ಜಿಲ್ಲೆ ಬದಲಿಸುತ್ತಲೇ ಇದೆ. ಶಾಸನಗಳು ಮಾತ್ರ ಅಲ್ಲೇ ಇವೆ. ಪಕ್ಕದ ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಸುಮಾರು 4ನೆಯ ಶತಮಾನದವು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿಯ ದಕ್ಷಿಣದ ಕವಲು. ಅಲ್ಲಿಂದ ಬಾಗಳಿಯ ಕಲ್ಲೇಶ್ವರ ಗುಡಿಗೆ ಬಂದರೆ ಆರು ಶತಮಾನ ದಾಟಿದಂತೆ: 987ರ ಸುಮಾರು, ಚಾಲುಕ್ಯ ಇಮ್ಮಡಿ ತೈಲಪನ ಕಾಲ. ಅಕ್ಷರ ದುಂಡಗಾಗಿದೆ, ತಲೆಕಟ್ಟು ನೆಲೆಯಾಗಿದೆ. ಕನ್ನಡ ಲಿಪಿ ಇದಕ್ಕಿಂತ ಚೆಲುವಾಗಿದ್ದ ಕಾಲ ಇನ್ನೊಂದಿಲ್ಲ ಎಂಬುದು ನನ್ನ ಹಟ.

ಈ ಸೀಮೆಯ ಶಾಸನಪಾಠಗಳು 1939ರ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ 9ನೆಯ ಸಂಪುಟದಲ್ಲಿವೆ. ಆದರೆ ಅಲ್ಲಿ ಸಿಗುವುದು ಅಚ್ಚಿನ ಮೊಳೆಯ ಕನ್ನಡ. ಕಂಡರಿಸಿದವನ ಕೈ ಕಾಣುವುದಿಲ್ಲ. ಅದಕ್ಕೆ ಪಡಿಯಚ್ಚೇ ಬೇಕು. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ತಟ್ಟಿದರೆ ಕಪ್ಪಿನ ನಡುವೆ ಅಕ್ಷರ ಬೆಳ್ಳಗೆ ಏಳುತ್ತದೆ. ಚಾಣ ಎಲ್ಲಿ ತಿರುಗಿತು, ಎಲ್ಲಿ ಜಾರಿತು ಎಂಬುದೂ ಕಾಣುತ್ತದೆ.

ಯೂನಿಕೋಡಿನಲ್ಲಿ ೞಕಾರದ ಪಾಡು ಕೇಳಬೇಡಿ. 0ಸಿಡಿಇ ಎಂಬ ಸಂಕೇತ ಕೊಟ್ಟವರು ಹೆಸರಿಟ್ಟದ್ದು ‘ಫ’ ಎಂದು! ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬ ನಿಯಮವಿರುವುದರಿಂದ ತಿದ್ದುಪಡಿಯ ಅಡ್ಡಹೆಸರನ್ನಷ್ಟೇ ಸೇರಿಸಿದರು. ಸ್ವರವಿಲ್ಲದ ನಕಾರದ ಹಳೆಯ ರೂಪವಾದ ನಕಾರಪೊಲ್ಲಿಗೆ ಜಾಗ ಸಿಕ್ಕಿದ್ದು 2021ರಲ್ಲಿ. ಹೊಳೆಯೊಂದರ ಹೆಸರು ಹೊತ್ತ ‘ತುಂಗಾ’ ಫಾಂಟು, ಅಕ್ಷರವಿನ್ಯಾಸಕ ಆರ್.ಕೆ. ಜೋಶಿ ಅವರ ನಿರ್ದೇಶನದಲ್ಲಿ ರೂಪುಗೊಂಡು, 2001ರಲ್ಲೇ ವಿಂಡೋಸ್ ಎಕ್ಸ್‌ಪಿ ಜೊತೆ ಬಂದಿತ್ತು.

ಬ್ರಾಹ್ಮಿಗೆ 2010ರಲ್ಲಿ, ತುಳು-ತಿಗಳಾರಿಗೆ 2024ರಲ್ಲಿ ಯೂನಿಕೋಡಿನ ಪ್ರತ್ಯೇಕ ಮನೆ ದೊರೆಯಿತು. ಬಾಗಳಿಯ ಅಕ್ಷರಕ್ಕೆ ಅದು ಬೇಡ, ಕನ್ನಡದ ಸಂಕೇತಗಳೇ ಸಾಕು. ಅವುಗಳ ಮೇಲೆ ಚಾಲುಕ್ಯರ ಕಾಲದ ರೂಪ ಕೂರಿಸುವ ಫಾಂಟು ಬೇಕು. ಮಾಡಹೊರಟವರು ಒತ್ತಕ್ಷರಗಳಿಂದ ಶುರು ಮಾಡಲಿ. ಕಲ್ಲಿನಲ್ಲಿ ಸಾಲುಗಳು ಒತ್ತೊತ್ತಾಗಿರುವುದರಿಂದ ಸಾಲಿನ ಅಂತರ ತೀರ್ಮಾನವಾಗುವುದು ಅಲ್ಲೇ.