ಆಲಿಸ್ ಕಂಡದ್ದು, ರೋಗಿ ಕಾಣುವುದು

ಲೂಯಿಸ್ ಕ್ಯಾರಲ್‌ನ ಆಲಿಸ್ ನಮ್ಮ ಮನೆಗಳಿಗೆ ಹೊಸಬಳಲ್ಲ. ನಮ್ಮ ಮಕ್ಕಳು ಅವಳನ್ನು ಶಾಲೆಯ ಇಂಗ್ಲಿಷಿನಲ್ಲಿ ಓದುತ್ತಾರೆ. ಹಿರಿಯರಲ್ಲಿ ಕೆಲವರು ನಾ. ಕಸ್ತೂರಿಯವರ ‘ಪಾತಾಳದಲ್ಲಿ ಪಾಪಚ್ಚಿ’ಯಲ್ಲಿ ಕನ್ನಡದ ಹುಡುಗಿಯಾಗಿಯೇ ಅವಳನ್ನು ಕಂಡವರು. ಆದರೆ ಆಲಿಸ್ ಹೆಸರಿನ ಒಂದು ಕಾಯಿಲೆಯೂ ಇದೆಯೆಂಬುದು ಬಹು ಮಂದಿಗೆ ತಿಳಿದಿರಲಾರದು.

1955ರಲ್ಲಿ ಇಂಗ್ಲೆಂಡಿನ ಮನೋವೈದ್ಯ ಜಾನ್ ಟಾಡ್ ಈ ಅಪರೂಪದ ಲಕ್ಷಣಗಳಿಗೆ ‘ಆಲಿಸ್ ಇನ್ ವಂಡರ್‌ಲ್ಯಾಂಡ್ ಸಿಂಡ್ರೋಮ್’ ಎಂದು ಹೆಸರಿಟ್ಟ. ಇದಕ್ಕೆ ಒಳಗಾದವರಿಗೆ ತಮ್ಮ ಕೈ ಊದಿ ದೊಡ್ಡದಾದಂತೆ, ಎದುರಿನ ಗೋಡೆ ದೂರ ಸರಿದಂತೆ, ಮನೆಮಂದಿ ಗೊಂಬೆಗಳಷ್ಟು ಕುಗ್ಗಿದಂತೆ ತೋರುತ್ತದೆ. ಹೊತ್ತು ಓಡಿದಂತೆಯೋ ನಿಧಾನಿಸಿದಂತೆಯೋ ಅನ್ನಿಸುವುದೂ ಉಂಟು. ಕಣ್ಣಿನಲ್ಲಿ ದೋಷವಿಲ್ಲ, ಕಂಡದ್ದನ್ನು ಅಳೆದು ಅರ್ಥಮಾಡುವ ಮಿದುಳಿನಲ್ಲಿ ಏರುಪೇರು. ಮೈಗ್ರೇನ್ ತಲೆನೋವು, ಅಪಸ್ಮಾರ, ಮಕ್ಕಳಲ್ಲಿ ಕೆಲವು ವೈರಸ್ ಸೋಂಕುಗಳು ಇದಕ್ಕೆ ಕಾರಣವಾಗಬಹುದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲೇ ಸರಿಹೋಗುತ್ತದೆ.

ಕ್ಯಾರಲ್‌ಗೂ ಮೈಗ್ರೇನ್ ಇತ್ತೆಂಬುದನ್ನು ಹಿಡಿದು, ಕೃತಿಯನ್ನೇ ರೋಗಿಯ ವರದಿಯಂತೆ ಓದುವವರಿದ್ದಾರೆ. ಈ ಓದು ನಮಗೆ ಒಪ್ಪಿಗೆಯಾಗದು. ಕೃತಿ ಹೊರಬಂದದ್ದು 1865ರಲ್ಲಿ. ಅವನ ದಿನಚರಿಯಲ್ಲಿ ಮೈಗ್ರೇನಿನ ಸ್ಪಷ್ಟ ವಿವರಣೆ ಸಿಗುವುದು 1880ರ ದಶಕದಲ್ಲಿ. ಅದಕ್ಕಿಂತ ಮುಖ್ಯವಾದುದು ಕೃತಿಯೊಳಗಿನ ಸಾಕ್ಷ್ಯ. ಆಲಿಸ್ ಬೆಳೆದಾಗ ನಿಜವಾಗಿಯೇ ಬೆಳೆಯುತ್ತಾಳೆ. ಮೊಲದ ಮನೆಯೊಳಗೆ ಸಿಕ್ಕಿಕೊಂಡು, ಒಂದು ಕೈಯನ್ನು ಕಿಟಕಿಯಿಂದ ಹೊರಚಾಚುತ್ತಾಳೆ. ಹೊರಗಿದ್ದವರು ಅದನ್ನು ಕಂಡು ಗಾಬರಿಯಾಗುತ್ತಾರೆ. ಕುಗ್ಗಿದಾಗ ತನ್ನ ಕಣ್ಣೀರಿನಲ್ಲೇ ಈಜುತ್ತಾಳೆ. ಜೊತೆಗೊಂದು ಇಲಿಯೂ ಈಜುತ್ತದೆ. ಅವಳ ಅನುಭವಕ್ಕೆ ಆ ಲೋಕವೆಲ್ಲ ಸಾಕ್ಷಿ. ಮುಂದೆ ಅಣಬೆಯ ಚೂರು ಕಚ್ಚಿ ಬೇಕಾದ ಅಳತೆಗೆ ಬರುವ ಉಪಾಯವನ್ನೂ ಕಲಿಯುತ್ತಾಳೆ.

ರೋಗಿಗೆ ಆ ಅಣಬೆಯೂ ಇಲ್ಲ, ಸಾಕ್ಷಿಯೂ ಇಲ್ಲ. ಗೋಡೆ ಸರಿದದ್ದು ಮಗುವೊಂದಕ್ಕೇ. ಪಕ್ಕದಲ್ಲಿ ಕುಳಿತ ತಾಯಿಗೆ ಅದು ಇದ್ದಲ್ಲೇ ಇದೆ. ಹುಚ್ಚೆಂದಾರೆಂಬ ಭಯಕ್ಕೆ ಬಾಯಿ ಬಿಡದ ದೊಡ್ಡವರೂ ಇದ್ದಾರೆ.

ಟಾಡ್ ಇಟ್ಟ ಹೆಸರು ಹೇಳಲಾಗದ ಅನುಭವಕ್ಕೆ ಒಂದು ಹೋಲಿಕೆಯನ್ನು ಒದಗಿಸಿತು, ಅಷ್ಟರಮಟ್ಟಿಗೆ ಉಪಕಾರ. ಆದರೆ ಸಂಕಟಕ್ಕೆ ವಿನೋದದ ಬಣ್ಣವನ್ನೂ ಬಳಿಯಿತು. ಕೃತಿಯನ್ನು ಕೃತಿಯಾಗಿಯೇ ಓದಿ ನಗೋಣ. ಮನೆಯ ಮಗು “ಅಮ್ಮಾ, ಗೋಡೆ ದೂರ ಹೋಗ್ತಿದೆ” ಎಂದರೆ ಮಾತ್ರ, “ಕಥೆ ಕಟ್ಟಬೇಡ” ಎಂದು ಗದರದೆ, ಪೂರ್ತಿ ಕೇಳಿಸಿಕೊಂಡು ವೈದ್ಯರಲ್ಲಿಗೆ ಕರೆದೊಯ್ಯೋಣ.