ಏಳನೆಯ ಕಾಂಡ ಕೇಳಿದವರು

ಧಾರಾವಾಹಿಯೊಂದು ಮುಗಿಯುತ್ತಿದೆ ಎಂದರೆ ನೋಡುಗರು ಸಿಟ್ಟಾಗುವುದು ಹೊಸತೇನಲ್ಲ. ವರ್ಷಗಟ್ಟಲೆ ಮನೆಯೊಳಗೆ ಬಂದುಹೋಗುತ್ತಿದ್ದ ಮಂದಿ ಮುಂದಿನ ವಾರದಿಂದ ಬರುವುದಿಲ್ಲ ಎಂದಾಗ ಯಾರಿಗಾದರೂ ಕಸಿವಿಸಿಯಾಗುತ್ತದೆ. ಕತೆ ಅರ್ಧಕ್ಕೇ ಬಿಟ್ರು, ಆ ಹುಡುಗಿಗೆ ನ್ಯಾಯ ಸಿಗಲೇ ಇಲ್ಲ, ಅವಸರಕ್ಕೆ ಮದುವೆ ಮಾಡಿ ಮುಗಿಸಿಬಿಟ್ರು ಅಂತ ಗೊಣಗುತ್ತಾರೆ. ವಿಮರ್ಶಕರು ಈ ಗೊಣಗಾಟವನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಹೆಂಗಸರ ಹರಟೆ, ಓದುಬರಹ ಇಲ್ಲದವರ ಚಟ ಅಂತ ಬದಿಗಿಡುತ್ತಾರೆ. ಆದರೆ 1988ರಲ್ಲಿ ಈ ದೇಶದಲ್ಲಿ ಒಂದು ಧಾರಾವಾಹಿ ಮುಗಿಯುವ ಹೊತ್ತಿಗೆ ಕೆಲವು ನೋಡುಗರು ಗೊಣಗುತ್ತಾ ಕೂರಲಿಲ್ಲ, ಪೊರಕೆ ಕೆಳಗಿಟ್ಟರು.

ರಾಮಾನಂದ ಸಾಗರರ ‘ರಾಮಾಯಣ’ದ ಮಾತಿದು. 1987ರ ಜನವರಿ 25ರಂದು ದೂರದರ್ಶನದಲ್ಲಿ ಶುರುವಾಗಿ, ಭಾನುವಾರ ಬೆಳಿಗ್ಗೆಗೊಂದರಂತೆ 78 ಕಂತು ನಡೆದು, 1988ರ ಜುಲೈ 31ಕ್ಕೆ ಮುಗಿಯಿತು. ರಾವಣ ಸತ್ತ, ರಾಮ ಅಯೋಧ್ಯೆಗೆ ಮರಳಿದ, ಪಟ್ಟಾಭಿಷೇಕವಾಯಿತು, ಮಂಗಳ ಹಾಡಿದರು. ಈ ಕೊನೆ ಹತ್ತಿರವಾಗುತ್ತಿದ್ದಂತೆ ಪಂಜಾಬಿನ ಜಲಂಧರದಲ್ಲಿ ಪೌರಕಾರ್ಮಿಕರು ಮುಷ್ಕರ ಹೂಡಿದರು. ಆ ಕಡೆ ಬೀದಿ ಗುಡಿಸುವ, ಮಲ ಬಾಚುವ ಕೆಲಸಕ್ಕೆ ಜಾತಿಯ ಹೆಸರಲ್ಲಿ ಕಟ್ಟಿಹಾಕಲ್ಪಟ್ಟವರು ವಾಲ್ಮೀಕಿ ಸಮುದಾಯದವರು. ವಾಲ್ಮೀಕಿ ಅವರಿಗೆ ಗುರು, ಮೂಲಪುರುಷ. ಕತೆ ಪಟ್ಟಾಭಿಷೇಕಕ್ಕೆ ನಿಲ್ಲಬಾರದು, ಏಳನೆಯ ಕಾಂಡವನ್ನೂ ತೋರಿಸಬೇಕು ಎಂಬುದು ಅವರ ಬೇಡಿಕೆ. ಮುಷ್ಕರ ಉತ್ತರ ಭಾರತದ ಬೇರೆ ನಗರಗಳಿಗೂ ಹಬ್ಬಿತು. ಬೀದಿಯಲ್ಲಿ ಕಸ ಬಿತ್ತು, ರೋಗರುಜಿನದ ಭಯ ಹುಟ್ಟಿತು, ಸರ್ಕಾರ ಮಣಿಯಿತು. ‘ಉತ್ತರ ರಾಮಾಯಣ’ ಎಂಬ ಮುಂದುವರಿಕೆ ತೆರೆಗೆ ಬಂದದ್ದು ಹೀಗೆ.

ಈ ಧಾರಾವಾಹಿಯ ಬಗ್ಗೆ ವಿದ್ವಾಂಸರು ರಾಶಿ ಬರೆದಿದ್ದಾರೆ. ರಾಮಾಯಣದ ನೂರಾರು ಬಾಯಿಗಳನ್ನು ಮುಚ್ಚಿಸಿ ಪ್ರಭುತ್ವ ಒಂದೇ ರಾಮಾಯಣವನ್ನು ದೇಶದ ಮೇಲೆ ಹೇರುತ್ತಿದೆ ಎಂದು ರೊಮಿಲಾ ಥಾಪರ್ 1989ರಲ್ಲೇ ಎಚ್ಚರಿಸಿದರು. ಟಿವಿಗೆ ಹೂವು ಮುಡಿಸಿ ಊದುಬತ್ತಿ ಹಚ್ಚಿದ ಭಾನುವಾರಗಳಿಗೂ 1992ರ ಡಿಸೆಂಬರ್ 6ಕ್ಕೂ ನಡುವೆ ಇರುವ ದಾರಿಯನ್ನು ಆಮೇಲಿನವರು ಗುರುತಿಸಿ ತೋರಿಸಿದರು. ಸೀತೆಯ ಪಾತ್ರದವರೂ ರಾವಣನ ಪಾತ್ರದವರೂ 1991ರಲ್ಲಿ ಒಂದೇ ಪಕ್ಷದ ಟಿಕೆಟ್ಟಿನಲ್ಲಿ ಲೋಕಸಭೆಗೆ ಹೋದರು. ರಾಮ ಹೋಗಲು 2024 ಆಯಿತು. ಇದೆಲ್ಲ ಸರಿ, ಈ ವಾದಗಳ ಜೊತೆ ನನಗೆ ಜಗಳವಿಲ್ಲ. ನನ್ನ ತಕರಾರು ಇಷ್ಟೆ: ಇಂಥ ಬರಹಗಳಲ್ಲಿ ಜಲಂಧರದ ಮುಷ್ಕರ ಬಂದರೆ ಒಂದು ವಾಕ್ಯದಲ್ಲಿ ಬರುತ್ತದೆ, ‘ನೋಡಿ, ಎಂಥ ಹುಚ್ಚು ಹಿಡಿದಿತ್ತು’ ಎಂಬ ಧಾಟಿಯಲ್ಲಿ. ಹೂವು ಹಾಕಿದವರೂ ಪೊರಕೆ ಇಟ್ಟವರೂ ಒಂದೇ ‘ಭಕ್ತ ಪ್ರೇಕ್ಷಕ’ ಎಂಬ ಚೀಲಕ್ಕೆ ಬೀಳುತ್ತಾರೆ.

ಆದರೆ ಹೂವು ಹಾಕಿದವರಿಗೆ ಏನೂ ಕೊರತೆ ಕಾಣಲಿಲ್ಲವಲ್ಲ! ಪಟ್ಟಾಭಿಷೇಕಕ್ಕೆ ಕತೆ ಮುಗಿದದ್ದು ಅವರಿಗೆ ಸಹಜವಾಗಿಯೇ ಕಂಡಿತು. ರಾಜ್ಯ ಮರಳಿ ಸಿಕ್ಕವನ ಕತೆ ರಾಜ್ಯ ಸಿಕ್ಕ ದಿನ ಮುಗಿಯುತ್ತದೆ. ಪಟ್ಟಾಭಿಷೇಕದ ಮಾರನೆಯ ದಿನದಿಂದ ಶುರುವಾಗುವ ಕತೆ ಯಾರದು? ಬಸುರಿ ಹೆಂಡತಿಯನ್ನು ಕಾಡಿಗಟ್ಟಿದ ಕತೆ. ಅವಳಿಗೆ ಬಾಗಿಲು ತೆರೆದವನ ಕತೆ. ತಲೆಕೆಳಗಾಗಿ ತಪಸ್ಸಿಗೆ ನಿಂತ ಒಬ್ಬ ಶೂದ್ರನ ಕತೆ. ಇದಿಷ್ಟನ್ನೂ ಕತ್ತರಿಸಿ ‘ಶುಭಂ’ ಎಂದಾಗ, ಕತ್ತರಿಸಿದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಿದವರು ಬೀದಿ ಗುಡಿಸುವವರು. ಒಂದು ಪಠ್ಯದಲ್ಲಿ ಏನಿದೆ ಎಂದು ಹೇಳುವವನಿಗಿಂತ ಏನಿಲ್ಲ, ಯಾಕಿಲ್ಲ ಎಂದು ಕೇಳುವವನನ್ನು ನಾವು ವಿಮರ್ಶಕ ಅನ್ನುತ್ತೇವಲ್ಲವೆ? ಹಾಗಿದ್ದರೆ ಭಾರತೀಯ ಟಿವಿಯ ಮೇಲೆ ಬಂದ ಮೊದಮೊದಲ ದಲಿತ ವಿಮರ್ಶೆಗಳಲ್ಲಿ ಇದೂ ಒಂದು ಎಂದು ನಾನು ಎಣಿಸುತ್ತೇನೆ. ಬರವಣಿಗೆಯಲ್ಲಿಲ್ಲ, ಅಷ್ಟೆ.

‘ಕತೆ ಇರೋದೇ ಅಲ್ಲಿಗೆ’ ಎಂಬ ಸಮಜಾಯಿಷಿಯೂ ಇದೆ. ಉತ್ತರಕಾಂಡ ಆಮೇಲೆ ಸೇರಿಸಿದ್ದು ಎಂದು ಬಹಳ ಪಂಡಿತರು ಹೇಳುತ್ತಾರೆ. ಸಾಗರರು ಹೆಚ್ಚು ನೆಚ್ಚಿಕೊಂಡ ತುಲಸೀದಾಸರಲ್ಲಿ ಸೀತಾಪರಿತ್ಯಾಗವೂ ಇಲ್ಲ, ಶಂಬೂಕನೂ ಇಲ್ಲ. ಇರಲಿ. ಆದರೆ 52 ಕಂತಿಗೆಂದು ಹೊರಟ ಧಾರಾವಾಹಿಯನ್ನು 78ಕ್ಕೆ ಹಿಗ್ಗಿಸುವಾಗ ಯಾವ ಪಂಡಿತರನ್ನು ಕೇಳಿದ್ದರು? ಜಾಹೀರಾತು ಬರುವಾಗ ಕತೆಗೆ ಕೊನೆ ಇರುವುದಿಲ್ಲ, ಕೆಳಗಿನವನು ಕೇಳಿದಾಗ ಕತೆ ಮುಗಿದಿರುತ್ತದೆ. ಇವತ್ತಿನ ಧಾರಾವಾಹಿಗಳ ಅತ್ತೆ ಸೊಸೆ ಜಗಳಕ್ಕೂ ಇದೇ ಲೆಕ್ಕ, ಅದು ಬೇರೆ ಮಾತು.

ಕನ್ನಡದ ಹಳ್ಳಿಗಳಲ್ಲೂ ಆ ಕೊನೆಯ ಭಾನುವಾರ ಒಂದು ಬಗೆಯ ನಿರಾಸೆ ಇತ್ತು. ನಮ್ಮ ಕಡೆ ಕೇರಿಯವರು ಟಿವಿ ನೋಡುತ್ತಿದ್ದದ್ದು ಊರ ಮುಂದಿನ ಕಟ್ಟಡವೊಂದರ ಹೊರಗೆ ನಿಂತು, ಕಿಟಕಿಯ ಸರಳಿನ ನಡುವೆ. ಹಿಂದಿ ಒಂದಕ್ಷರ ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಬಯಲಾಟದಲ್ಲಿ, ತೊಗಲುಗೊಂಬೆಯಲ್ಲಿ ಅಷ್ಟೂ ಕತೆ ನೋಡಿ ಬೆಳೆದವರು. ಲಕ್ಷ್ಮೀಶನ ಜೈಮಿನಿ ಭಾರತದ ಸೀತಾಪರಿತ್ಯಾಗ ಓದು ಬಾರದವರ ಬಾಯಲ್ಲೂ ಇದ್ದ ನಾಡು ಇದು. ನಮ್ಮ ಹೆಂಗಸರಿಗೆ ರಾಮಾಯಣ ಎಂದರೆ ಮುಖ್ಯವಾಗಿ ಸೀತಮ್ಮನ ಗೋಳು, ಲವಕುಶರು ಕುದುರೆ ಕಟ್ಟಿದ್ದು. ಕಿರೀಟ ಇಟ್ಟು ಮುಗಿಸಿದಾಗ ನನ್ನ ದೊಡ್ಡವ್ವ ‘ಇಷ್ಟೇನ್ಲಾ? ಅವಳನ್ನ ಕಾಡಿಗಟ್ಟಿದ್ದು ತೋರ್ಸಾಕಿಲ್ವಾ? ನಾಚ್ಕೆ ಆಯ್ತದಾ?’ ಎಂದು ಸೆರಗು ಕೊಡವಿಕೊಂಡು ಎದ್ದಳು. ಅವಳ ಮಾತು ಅಲ್ಲಿಯೇ ಬಿತ್ತು. ಜಲಂಧರದವರ ಕೈಯಲ್ಲಿ ಒಂದು ನಗರದ ಕಸ ಇತ್ತು, ಅವರ ಮಾತು ದೆಹಲಿ ಮುಟ್ಟಿತು.

ಈಗ ಒಂದು ಕಷ್ಟದ ಮಾತಿಗೆ ಬರುತ್ತೇನೆ. ಚಳವಳಿಯ ಗೆಳೆಯರು ಇದನ್ನು ಎತ್ತಿದಾಗಲೆಲ್ಲ ಹೇಳುತ್ತಾರೆ: ‘ವಾಲ್ಮೀಕಿಗಾಗಿ ಮುಷ್ಕರ ಮಾಡಿದ್ದೇ ದೊಡ್ಡ ಮೋಸ ಮಾರಾಯ. ಆ ಹೆಸರೇ ಅವರದಲ್ಲ.’ ಅದರಲ್ಲಿ ನಿಜ ಇದೆ. ಪಂಜಾಬಿನ ಈ ಜನರ ಹಳೆಯ ಗುರು ಲಾಲ್ ಬೇಗ್, ಬಾಲಾ ಶಾಹ್. ಹಿಂದೂ ಎಂದೂ ಮುಸಲ್ಮಾನ ಎಂದೂ ಬಿಡಿಸಿ ಹೇಳಲಾಗದ, ಗುಡಿಯಿಲ್ಲದ, ಪೂಜಾರಿಯಿಲ್ಲದ ನಂಬಿಕೆ ಅದು. ಜನಗಣತಿಯಲ್ಲಿ ತಲೆ ಎಣಿಸುವ ರಾಜಕಾರಣ ಬಂದ ಮೇಲೆ ಆರ್ಯಸಮಾಜದವರಿಗೆ ಈ ಬೆರಕೆ ಗುರು ಬೇಡವಾದ. ಬಾಲಾ ಶಾಹ್ ಎಂದರೆ ವಾಲ್ಮೀಕಿಯೇ ಎಂಬ ಪ್ರಚಾರ ನಡೆಯಿತು, 1930ರ ದಶಕದಲ್ಲಿ ಅದಕ್ಕೆಂದೇ ಪುಸ್ತಕಗಳು ಬಂದವು. ಲಾಲ್ ಬೇಗನ ದೀಪ ಆರಿ ವಾಲ್ಮೀಕಿ ಮಂದಿರಗಳು ಎದ್ದವು. ಈ ಚರಿತ್ರೆಯನ್ನು ವಿಜಯ್ ಪ್ರಸಾದ್ ತಮ್ಮ ಪುಸ್ತಕದಲ್ಲಿ ವಿವರವಾಗಿ ಬಿಡಿಸಿದ್ದಾರೆ. ಅಂದರೆ ಹೊರಗಿನವರು ಕೊಟ್ಟ ಹೆಸರು. ಪೊರಕೆ ಮಾತ್ರ ಹಾಗೇ ಉಳಿಯಿತು.

ಇಷ್ಟು ಗೊತ್ತಿದ್ದೂ ನನಗೆ ‘ಮೋಸ’ ಎಂಬ ಮಾತು ಒಪ್ಪಿಗೆಯಾಗುವುದಿಲ್ಲ. ಮೇಲಿನವರು ಹೆಸರು ಕೊಟ್ಟದ್ದು ತಮ್ಮ ಲೆಕ್ಕಕ್ಕೆ. ಐವತ್ತು ವರ್ಷ ಕಳೆದ ಮೇಲೆ ಅದೇ ಹೆಸರನ್ನು ಹಿಡಿದು ಈ ಜನ ತಮ್ಮ ಲೆಕ್ಕ ಕೇಳಿದರು: ಕತೆ ಬರೆದವನು ನಮ್ಮವನು ಅಂದಿರಲ್ಲ, ಹಾಗಿದ್ದರೆ ಕತೆಯೊಳಗೆ ಅವನೆಲ್ಲಿ? ಸೀತೆಗೆ ನೆಲೆ ಕೊಟ್ಟ ಮನೆ ನಮ್ಮವನದು, ಅದನ್ನು ತೋರಿಸಿ. ಈ ಪ್ರಶ್ನೆಯಲ್ಲಿ ಭಕ್ತಿ ಇದೆ, ಹಕ್ಕಿನ ದನಿಯೂ ಇದೆ. ನಮ್ಮ ವಿಮರ್ಶೆಗೆ ಭಕ್ತಿ ಕಂಡರೆ ಹಕ್ಕು ಕಾಣುವುದಿಲ್ಲ.

ಕೊಟ್ಟದ್ದೇನು ಎಂಬುದನ್ನೂ ನೋಡಬೇಕು. ‘ಉತ್ತರ ರಾಮಾಯಣ’ದಲ್ಲಿ ವಾಲ್ಮೀಕಿ ಬಂದ. ಬಿಳಿ ಗಡ್ಡ, ಕಾಷಾಯ, ಸಂಸ್ಕೃತ ತುಂಬಿದ ಹಿಂದಿ. ಗುಡಿಸುವವರ ಮನೆಯ ಒಂದು ಚಹರೆಯೂ ಇಲ್ಲದ ಋಷಿ. ಸೀತೆಯನ್ನು ರಾಮ ಕಾಡಿಗಟ್ಟಲಿಲ್ಲ, ಗಂಡನ ಹೆಸರು ಕೆಡಬಾರದೆಂದು ಅವಳೇ ಹೊರಟಳು ಎಂದು ತಿದ್ದಿದರು. ಶಂಬೂಕ ಬರಲೇ ಇಲ್ಲ.

ವಾಲ್ಮೀಕಿಯ ಹೆಸರಿನ ಸಂಸ್ಕೃತ ಕಾವ್ಯದಲ್ಲಿ ಶಂಬೂಕ ಸಾಯುವುದೂ ಈ ಏಳನೆಯ ಕಾಂಡದಲ್ಲೇ. ಬ್ರಾಹ್ಮಣನ ಮಗು ಸಾಯುತ್ತದೆ, ರಾಜ್ಯದಲ್ಲಿ ಶೂದ್ರನೊಬ್ಬ ತಪಸ್ಸು ಮಾಡುತ್ತಿರುವುದೇ ಕಾರಣ ಎಂದು ನಾರದ ಹೇಳುತ್ತಾನೆ. ರಾಮ ಪುಷ್ಪಕವೇರಿ ಹುಡುಕಿಕೊಂಡು ಹೋಗಿ, ನೀನು ಯಾವ ವರ್ಣದವನು ಎಂದು ಕೇಳುತ್ತಾನೆ. ಅವನು ಸುಳ್ಳು ಹೇಳುವುದಿಲ್ಲ. ಉತ್ತರ ಮುಗಿಯುವ ಮೊದಲೇ ಕತ್ತಿ ಬೀಳುತ್ತದೆ, ಮೇಲಿಂದ ಹೂಮಳೆ. ಜಲಂಧರದವರು ಕೇಳಿದ ಕಾಂಡದಲ್ಲಿ ಅವರ ಗುರುವಿನ ಆಶ್ರಮವೂ ಇದೆ, ಕೆಳಗಿನವನ ರುಂಡವೂ ಇದೆ. ನಾವಿರುವ ಅಧ್ಯಾಯ ಬೇಕು ಎಂದರೆ ನಮ್ಮನ್ನು ಕೊಂದ ಅಧ್ಯಾಯವೂ ಜೊತೆಗೇ ಬರುತ್ತದೆ. ದಲಿತರು ಈ ದೇಶದ ಯಾವ ಹಳೆಯ ಪಠ್ಯವನ್ನು ತಮ್ಮದೆಂದು ಕೇಳಹೋದರೂ ಎದುರಾಗುವ ಇಕ್ಕಟ್ಟು ಇದು. ಸಾಗರರು ಆ ಇಕ್ಕಟ್ಟನ್ನು ಸುಲಭವಾಗಿ ಬಗೆಹರಿಸಿದರು: ಆಶ್ರಮ ಇಟ್ಟುಕೊಂಡು ರುಂಡ ತೆಗೆದುಹಾಕಿದರು. ಕೊಲೆಯನ್ನು ತೋರಿಸದೆ ಇದ್ದದ್ದು ಉಪಕಾರ ಅಂತ ಯಾರಾದರೂ ಹೇಳಿಯಾರು. ಕೊಂದವನ ಹೆಸರು ಉಳಿಯಲಿ ಅಂತ ಹೆಣ ಮುಚ್ಚಿಡುವುದನ್ನು ನಮ್ಮ ಹಳ್ಳಿಗಳಲ್ಲಿ ಉಪಕಾರ ಅನ್ನುವುದಿಲ್ಲ.

ಕನ್ನಡದಲ್ಲಿ ಈ ಜಾಗಕ್ಕೆ ಕೈಹಾಕಿದವರು ಕುವೆಂಪು. 1944ರ ‘ಶೂದ್ರ ತಪಸ್ವಿ’ಯಲ್ಲಿ ರಾಮ ಬಿಟ್ಟ ಅಸ್ತ್ರ ಶಂಬೂಕನನ್ನು ಮುಟ್ಟದೆ ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗುತ್ತದೆ, ಕೊನೆಗೆ ಬ್ರಾಹ್ಮಣ ತಪಸ್ವಿಗೆ ಕೈಮುಗಿಯುತ್ತಾನೆ. ಆ ಕಾಲಕ್ಕೆ ಅದು ಎಂಥ ಗುಂಡಿಗೆ ಎಂಬುದನ್ನು ಮರೆಯುವಂತಿಲ್ಲ. ಮಾಸ್ತಿಯವರಂಥವರೇ ಆಕ್ಷೇಪ ಎತ್ತಿದ್ದರು. ಆದರೂ ಒಂದು ಮಾತು ಹೇಳಬೇಕು, ಕುವೆಂಪು ಅಭಿಮಾನಿಗಳು ಬಯ್ದರೆ ಬಯ್ಯಲಿ: ಅಲ್ಲಿಯೂ ರಾಮನ ಕೈಗೆ ರಕ್ತ ಅಂಟುವುದಿಲ್ಲ. ವ್ಯತ್ಯಾಸ ದೊಡ್ಡದೇ. ಕುವೆಂಪು ಶಂಬೂಕನನ್ನು ಅವನ ಜಾಗದಲ್ಲೇ ಕೂರಿಸಿ ಎದುರಿನವನನ್ನು ಬಾಗಿಸಿದರು, ಸಾಗರರು ಜಾಗವನ್ನೇ ಅಳಿಸಿದರು. ಆದರೆ ರಾಜನನ್ನು ಪಾರುಮಾಡುವ ತಹತಹ ಎರಡು ಕಡೆಯೂ ಇದೆ. ಕತ್ತಿ ಹಿಡಿದ ಕೈ ಯಾರದು ಎಂದು ನೇರ ಹೇಳುವ ಶಂಬೂಕನಿಗಾಗಿ ನಾನಿನ್ನೂ ಕಾಯುತ್ತಿದ್ದೇನೆ.

ಇನ್ನು ಮುಷ್ಕರದ ಮಾತು. ಕಸ ಗುಡಿಸುವವರು ಕೆಲಸ ನಿಲ್ಲಿಸುವುದು ತಪ್ಪು ಎಂದು 1946ರಲ್ಲಿ ಗಾಂಧಿ ‘ಹರಿಜನ’ ಪತ್ರಿಕೆಯಲ್ಲಿ ಬರೆದಿದ್ದರು. ಅವರ ಅಹವಾಲು ನ್ಯಾಯವಾದದ್ದೇ, ಮುಷ್ಕರ ಮಾತ್ರ ಕೂಡದು ಎಂಬುದು ಅವರ ನಿಲುವು. ಹನ್ನೊಂದು ವರ್ಷದ ಮೇಲೆ ದೆಹಲಿಯ ಪೌರಕಾರ್ಮಿಕರು ಮುಷ್ಕರ ಹೂಡಿದ್ದಾಗ ಭಂಗಿ ಕಾಲೊನಿಯಲ್ಲಿ ಪೊಲೀಸರು ಗುಂಡು ಹಾರಿಸಿದರು. ಭೂಪ್ ಸಿಂಗ್ ಎಂಬಾತ ಸತ್ತ. ಅದು 1957ರ ಜುಲೈ 31; ಆ ದಿನವನ್ನು ಸಫಾಯಿ ಕಾರ್ಮಿಕರು ತಮ್ಮ ದಿನವೆಂದು ಆಚರಿಸುತ್ತಾರೆ. ರಾಮನ ಪಟ್ಟಾಭಿಷೇಕದ ಕಂತು ಬಂದದ್ದೂ ಒಂದು ಜುಲೈ 31ರಂದೇ. ಕಾಕತಾಳೀಯ, ಅದರಲ್ಲಿ ಅರ್ಥ ಹುಡುಕಬೇಕಿಲ್ಲ. ಆದರೆ ಎರಡು ಮುಷ್ಕರಗಳಿಗೆ ಸಿಕ್ಕ ಉತ್ತರವನ್ನು ಪಕ್ಕಪಕ್ಕ ಇಟ್ಟು ನೋಡಿ. ಹೊಟ್ಟೆಪಾಡಿಗೆ ಕೇಳಿದವರಿಗೆ ಗುಂಡು ಬಂತು. ಧಾರಾವಾಹಿ ಕೇಳಿದವರಿಗೆ ಧಾರಾವಾಹಿ ಬಂತು, ಅದೂ ಕೆಲವೇ ತಿಂಗಳಲ್ಲಿ. ಮಲ ಹೊರುವ ಪದ್ಧತಿಯ ವಿರುದ್ಧ ಕೇಂದ್ರದ ಕಾನೂನು ಬರಲು 1993 ಆಗಬೇಕಾಯಿತು, ಅದು ಹಲ್ಲಿಲ್ಲದ್ದು ಎಂದು 2013ರಲ್ಲಿ ಇನ್ನೊಂದು ತಂದರು. ಮ್ಯಾನ್‌ಹೋಲಿಗೆ ಇಳಿದವರ ಹೆಣ ಎತ್ತುವುದು ಇನ್ನೂ ನಿಂತಿಲ್ಲ. ತೆರೆಯ ಮೇಲೆ ಜಾಗ ಬಿಡುವುದು ಪ್ರಭುತ್ವಕ್ಕೆ ಅಗ್ಗದ ಬಾಬತ್ತು.

ಹಾಗಂತ ಆ ಜಾಗ ಬೇಡ ಅನ್ನಲಾರೆ. 2020ರ ಮಾರ್ಚ್ 28ರಿಂದ, ಕೊರೋನಾ ಬೀಗಮುದ್ರೆಯ ದಿನಗಳಲ್ಲಿ, ದೂರದರ್ಶನ ಅದೇ ‘ರಾಮಾಯಣ’ವನ್ನು ಮತ್ತೆ ಬಿತ್ತರಿಸಿತು. ಏಪ್ರಿಲ್‌ನಲ್ಲಿ ಪಟ್ಟಾಭಿಷೇಕ ಮುಗಿದದ್ದೇ ತಡ ‘ಉತ್ತರ ರಾಮಾಯಣ’ ತಾನಾಗಿ ಶುರುವಾಯಿತು. ಈ ಸಲ ಯಾರೂ ಕೇಳಬೇಕಾಗಲಿಲ್ಲ. ಮನೆಯೊಳಗೆ ಕೂತು ನೋಡಿದವರಲ್ಲಿ ಎಷ್ಟು ಮಂದಿಗೆ ಇದು ಬೀದಿ ಗುಡಿಸುವವರು ಗೆದ್ದುಕೊಟ್ಟ ಭಾಗ ಎಂದು ಗೊತ್ತಿತ್ತೊ. ಅವರು ಆ ಹೊತ್ತಿನಲ್ಲಿ ಹೊರಗೆ ಬೀದಿಯಲ್ಲಿದ್ದರು. ಅಲ್ಲಲ್ಲಿ ಹಾರ ಹಾಕಿ ಚಪ್ಪಾಳೆ ತಟ್ಟಿದರು, ಕೈಗವಸು ಕೊಡುವುದು ಮರೆತರು.

ಅದೇ ವರ್ಷ ಜುಲೈನಲ್ಲಿ ಅಂಬೇಡ್ಕರ್ ಬದುಕಿನ ಹಿಂದಿ ಧಾರಾವಾಹಿ ‘ಮಹಾನಾಯಕ’ ಎಂಬ ಹೆಸರಲ್ಲಿ ಕನ್ನಡಕ್ಕೆ ಡಬ್ ಆಗಿ ಬಂತು. ಕೇರಿಕೇರಿಗಳಲ್ಲಿ ಹುಡುಗರು ಚಂದಾ ಎತ್ತಿ ಫ್ಲೆಕ್ಸ್ ಕಟ್ಟಿದರು. ನಿಲ್ಲಿಸಿ ಎಂದು ವಾಹಿನಿಗೆ ಬೆದರಿಕೆ ಕರೆಗಳು ಹೋದಾಗ ಫ್ಲೆಕ್ಸುಗಳು ಇನ್ನೂ ಹೆಚ್ಚಾದವು. ಆ ಧಾರಾವಾಹಿಯ ಗುಣಾವಗುಣ ಬೇರೆ ಚರ್ಚೆ. ಪವಾಡಪುರುಷನಂಥ ಬಾಲಕ ಭೀಮನನ್ನು ಅಷ್ಟು ಕಾಲ ಎಳೆದದ್ದು ನನಗೂ ಹಿಡಿಸಲಿಲ್ಲ. ನಮ್ಮೂರಲ್ಲಿ ಫ್ಲೆಕ್ಸಿನ ಹಗ್ಗ ಬಿಗಿಯುತ್ತಿದ್ದ ಹುಡುಗನನ್ನು, ಇಷ್ಟು ನಿಧಾನವಾದರೆ ಸಂವಿಧಾನ ಬರೆಯುವುದು ಯಾವಾಗಪ್ಪ ಎಂದು ಕೇಳಿದೆ. ‘ಬರೀಲಿ ಬುಡಣ್ಣ, ನಿಧಾನುಕ್ಕೇ ಬರೀಲಿ. ಕೊನೆ ಏನೂಂತ ಗೊತ್ತಲ್ಲ. ನಡೂಕೆ ಯಾರೂ ಕಡ್ದಾಕ್ದಂಗೆ ನೋಡ್ಕಬೇಕು, ಅಷ್ಟೆಯ’ ಎಂದು ಹೇಳಿ ಕಂಬದ ಇನ್ನೊಂದು ತುದಿಗೆ ಹತ್ತಿದ.