ಪಾಸ್‌ಪೋರ್ಟ್ ಶುಲ್ಕ: ಅಚ್ಚು ಹಾಕಿದವರಿಗಷ್ಟೇ ಹಕ್ಕೇ?

ಬ್ರಿಟನ್ನಿನ 14 ಸಾಗರೋತ್ತರ ಪ್ರದೇಶಗಳ ಪಾಸ್‌ಪೋರ್ಟ್ ಶುಲ್ಕದ ಮಾತು ಬಂದರೆ ಒಂದು ವಾದ ಸಿದ್ಧವಾಗಿರುತ್ತದೆ. ಪಾಸ್‌ಪೋರ್ಟ್ ಅಚ್ಚಾಗುವುದು ಬ್ರಿಟನ್ನಿನಲ್ಲಿ, ಆದ್ದರಿಂದ ಹಣದ ಮೇಲೆ ಮೊದಲ ಹಕ್ಕು ಅದರದೇ. ಆದಾಯ ತೆರಿಗೆಯೇ ಇಲ್ಲದ ಶ್ರೀಮಂತ ದ್ವೀಪಗಳು ಇಷ್ಟು ಸಣ್ಣ ಮೊತ್ತಕ್ಕೆ ತಕರಾರು ಎತ್ತಬಾರದು. ಈ ವಾದದಲ್ಲಿ ನ್ಯಾಯವಿಲ್ಲ.

ಬರ್ಮುಡಾವನ್ನೇ ನೋಡಿ. ಅಲ್ಲಿನವರು ಪಾಸ್‌ಪೋರ್ಟಿಗೆ ಅರ್ಜಿ ಹಾಕುವುದು ರಾಜಧಾನಿ ಹ್ಯಾಮಿಲ್ಟನ್ನಿನ ಕಚೇರಿಯಲ್ಲಿ. ಅರ್ಜಿ, ದಾಖಲೆ, ಫೋಟೋ ಪಡೆಯುವವರು ಸ್ಥಳೀಯ ಸರ್ಕಾರದ ನೌಕರರು. ವಿಮಾನ ನಿಲ್ದಾಣಕ್ಕೆ ಬಂದಿಳಿದವರನ್ನು ತಪಾಸಣೆ ಮಾಡುವವರೂ ಅದೇ ಸರ್ಕಾರದವರು. ಬ್ರಿಟನ್ ತನ್ನ ಪಾಸ್‌ಪೋರ್ಟ್ ಶುಲ್ಕಕ್ಕೆ ಕೊಡುವ ಸಮರ್ಥನೆಯಲ್ಲಿ ಅರ್ಜಿ ವಿಲೇವಾರಿ, ವಿದೇಶದಲ್ಲಿ ಕಾನ್ಸುಲರ್ ನೆರವು, ಗಡಿ ತಪಾಸಣೆ ಈ ಮೂರೂ ಸೇರಿವೆ. ಅದೇ ಅಳತೆಗೋಲು ಹಿಡಿದರೆ ಗಡಿಯ ಖರ್ಚು ಪೂರ್ತಿಯಾಗಿ, ಅರ್ಜಿಯ ಖರ್ಚು ಭಾಗಶಃ ದ್ವೀಪದ ಖಜಾನೆಯ ಮೇಲೆಯೇ ಬೀಳುತ್ತದೆ.

ಅಚ್ಚಿನ ಕೆಲಸ ಒಂದೆಡೆ ಸೇರಿದ್ದರಿಂದ ಆದ ತೊಂದರೆ ಯಾವ ಲೆಕ್ಕಕ್ಕೂ ಬರುವುದಿಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ ಅಚ್ಚಾಗಿ ಬಂದ ಬರ್ಮುಡಾ ಪಾಸ್‌ಪೋರ್ಟುಗಳಲ್ಲಿ ಬರ್ಮುಡಾವನ್ನು ಸೂಚಿಸುವ ಹಿಂದಿನ 'ಬಿಎಂಯು' ಸಂಕೇತದ ಬದಲು ಎಲ್ಲ ಪ್ರದೇಶಗಳಿಗೂ ಅನ್ವಯಿಸುವ 'ಜಿಬಿಡಿ' ಇತ್ತು. ಅಮೆರಿಕಕ್ಕೆ ವೀಸಾ ಇಲ್ಲದೆ ಹೋಗಿಬರುತ್ತಿದ್ದ ಜನ ಈ ಮೂರು ಅಕ್ಷರಗಳಿಂದಾಗಿ ಗೊಂದಲಕ್ಕೆ ಸಿಕ್ಕಿದರು. ನಿರ್ಧಾರ ಒಬ್ಬರದು, ಪರದಾಟ ಇನ್ನೊಬ್ಬರದು.

ಚಿಪ್ ಇರುವ ಪಾಸ್‌ಪೋರ್ಟನ್ನು ಪ್ರತಿ ದ್ವೀಪವೂ ತಾನೇ ಮುದ್ರಿಸಲಿ ಎಂದು ಯಾರೂ ಕೇಳಲಾರರು. ಐವತ್ತರ ಆಸುಪಾಸಿನ ಜನಸಂಖ್ಯೆಯ ಪಿಟ್‌ಕೇರ್ನ್‌ಗೆ ಅದು ಸಾಧ್ಯವೂ ಇಲ್ಲ. ಅಚ್ಚಿನ ವೆಚ್ಚವನ್ನು ಬ್ರಿಟನ್ ಪಡೆಯಲಿ. ಆದರೆ ಮುದ್ರಕನಿಗೆ ಸಲ್ಲಬೇಕಾದದ್ದು ಮುದ್ರಣದ ಬೆಲೆ, ಇಡೀ ಶುಲ್ಕದ ಮೇಲಿನ ಯಜಮಾನಿಕೆಯಲ್ಲ.

ಶ್ರೀಮಂತಿಕೆಯ ನೆಪವೂ ನಿಲ್ಲುವುದಿಲ್ಲ. ಆದಾಯ ತೆರಿಗೆ ಇಲ್ಲದ ಕೇಮನ್ ದ್ವೀಪಗಳಲ್ಲಿ ಸರ್ಕಾರ ನಡೆಯುವುದೇ ಸುಂಕ ಮತ್ತು ಶುಲ್ಕಗಳಿಂದ. ಅಂಥಲ್ಲಿ ಶುಲ್ಕವನ್ನು ಚಿಲ್ಲರೆ ಹಣವೆಂದು ತಳ್ಳಿಹಾಕುವಂತಿಲ್ಲ. ಇನ್ನು ಸೇಂಟ್ ಹೆಲೆನಾ, ಮಾಂಟ್ಸೆರಾಟ್ ಬ್ರಿಟನ್ನಿನ ನೆರವಿನಲ್ಲೇ ಬಜೆಟ್ ತೂಗಿಸುತ್ತವೆ. ಇವನ್ನೆಲ್ಲ ಒಂದೇ ತಕ್ಕಡಿಗೆ ಹಾಕುವುದು ತಪ್ಪು.

ಯಾವ ಕೆಲಸಕ್ಕೆ ಎಷ್ಟು ಖರ್ಚು, ಅದರಲ್ಲಿ ಯಾರ ಪಾಲೆಷ್ಟು ಎಂಬುದನ್ನು ರಸೀದಿಯ ಮೇಲೆಯೇ ಮುದ್ರಿಸಬೇಕು. ಶುಲ್ಕ ಕಟ್ಟುವ ನಾಗರಿಕನಿಗೆ ಇಷ್ಟು ತಿಳಿಯುವ ಹಕ್ಕಿದೆ. ಹಣ ಪಡೆಯುವ ಎರಡೂ ಸರ್ಕಾರಗಳು ಆ ಲೆಕ್ಕ ಕೊಡಲೇಬೇಕು.